ಮುಟ್ಟದೆ ಹೇಳಿದ ರೇಟು

ಹಲಗೆ ಒಳಗಿತ್ತು. ಕನ್ನಪ್ಪ ಹೊರಗೆ ನಿಂತಿದ್ದ. ನಡುವೆ ಹೊಸ್ತಿಲು.

"ಅಲ್ಲಿಂದ್ಲೇ ನೋಡಿ ಹೇಳಾ. ಕಣ್ಣು ನೆಟ್ಟಗಿದೆ ಅಲ್ದ ನಿಂಗೆ?" ಎಂದ ಸೀತಾರಾಮಪ್ಪ.

ಕನ್ನಪ್ಪನ ಕಣ್ಣು ನೆಟ್ಟಗೇ ಇತ್ತು. ಆದರೆ ಮರಕ್ಕೆ ಪಾಲಿಶ್ ಹೊಡೆಯುವವನಿಗೆ ಬರೀ ಕಣ್ಣಿದ್ದು ಏನಾಗಬೇಕು? ಹಳೇ ಹಲಗೆಯ ಮೇಲೆ ಅಂಗೈ ಇಟ್ಟು ಎಳೆಯಬೇಕು. ಉಗುರಿನಿಂದ ಒಂದು ಮೂಲೆ ಕೆರೆಯಬೇಕು. ಹಿಂದಿನವರು ಏನು ಬಳಿದಿದ್ದರು, ಎಷ್ಟು ದಪ್ಪ ಬಳಿದಿದ್ದರು, ಅಡಿಯಲ್ಲಿ ಮರ ಇನ್ನೂ ಗಟ್ಟಿಯಿದೆಯೋ ನೀರು ಕುಡಿದು ಮೆತ್ತಗಾಗಿದೆಯೋ, ಎಲ್ಲ ಗೊತ್ತಾಗುವುದು ಕೈಗೆ. ಆಮೇಲೆ ಇಷ್ಟು ಸಾಮಾನು, ಇಷ್ಟು ದಿನ, ಇಷ್ಟು ದುಡ್ಡು ಎಂದು ಬಾಯಿ ಬಿಡಬಹುದು. ಕೈ ಇಡದೆ ರೇಟು ಹೇಳುವುದೆಂದರೆ ಗೋಣಿ ಬಿಚ್ಚದೆ ಮೆಣಸು ಕೊಂಡ ಹಾಗೆ.

"ಒಂದ್ಸಲ ಕೈ ಇಟ್ಟು ನೋಡ್ತೀನಿ ಅಯ್ಯಾ. ಒಂದೇ ನಿಮಿಷ."

"ಇಟ್ಮೇಲೆ? ನೀ ಜಾಸ್ತಿ ಹೇಳ್ತೀಯ, ನಂಗೆ ಹೊಂದಲ್ಲ, ನೀ ನಿನ್ ದಾರಿ ಹಿಡೀತೀಯ. ಮುಟ್ಟಿದ್ದು ಮಾತ್ರ ನನ್ ತಲೆ ಮೇಲೆ. ಮೊದ್ಲು ವ್ಯಾಪಾರ ಕುದುರ್ಲಿ. ಆಮೇಲೆ ಎಷ್ಟ್ ಬೇಕಾದ್ರೂ ಮುಟ್ಟು."

ನ್ಯಾಯ ಹೇಗಿದೆ ನೋಡಿ. ಅದೇನು ದೇವಸ್ಥಾನದ ಗರ್ಭಗುಡಿಯಲ್ಲ. ಬ್ರಾಂದಿ ಅಂಗಡಿ. ಅರವತ್ತೇಳನೇ ಇಸವಿಯಲ್ಲಿ ಸರ್ಕಾರ ಪಾನನಿರೋಧ ಸಡಿಲಿಸಿದ್ದೇ ತಡ, ಸೀತಾರಾಮಪ್ಪ ಓಡಾಡಿ ಲೈಸೆನ್ಸು ಮಾಡಿಸಿಕೊಂಡು ಸಾಗರದ ಪೇಟೆಯಲ್ಲಿ ಇಟ್ಟ ಅಂಗಡಿ. ಮೇಗರವಳ್ಳಿ ಕಡೆ ಬಿಳಿ ದೊರೆಯೊಬ್ಬ ಬಿಟ್ಟುಹೋದ ಬಂಗಲೆಯ ಸಾಮಾನು ಹರಾಜಾದಾಗ ಈ ಹಲಗೆ ಅವನ ಕಣ್ಣಿಗೆ ಬಿತ್ತು. ದೊರೆಗಳು ಮೊಣಕೈ ಊರಿಕೊಂಡು ಕುಡಿಯುತ್ತಿದ್ದ ಕೌಂಟರಿನ ಹಲಗೆ. ಇಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ, ಒಂದೇ ಮರದ್ದು. ಲಾರಿಗೆ ಹಾಕಿಸಿ ತಂದ. ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಅದರ ಮೇಲೆ ಕೂರಿಸಿ, ಗಾರೆ ಹಾಕಿ ಭದ್ರ ಮಾಡಿಸಿದ. ಕೂರಿಸಿದ ಮೇಲೆ ನೋಡಿದರೆ ಮೈಯೆಲ್ಲ ಮಸಿ, ಗ್ಲಾಸು ಇಟ್ಟು ಇಟ್ಟು ಎದ್ದ ಬಿಳಿ ಬಳೆಗಳು, ಚುಟ್ಟಾ ಸುಟ್ಟ ಕಲೆಗಳು. ಅಂಗಡಿ ತೆರೆಯುವ ಮುಂಚೆ ಅದನ್ನು ಕನ್ನಡಿ ಮಾಡಿಸಬೇಕು ಎಂದು ಅವನ ಹಟ.

ಇದೇ ಸೀತಾರಾಮಪ್ಪನ ಅಪ್ಪ ಗೇಣಿ ಗದ್ದೆ ಉಳುತ್ತಿದ್ದವನು. ತೋಟದ ಒಡೆಯರ ಅಂಗಳದ ತುದಿಯಲ್ಲಿ ಕೈಕಟ್ಟಿ ನಿಂತು, ಮೇಲಿನಿಂದ ಎಸೆದ ಎಲೆಯಡಿಕೆ ಹೆಕ್ಕಿಕೊಂಡವನು. ಮಗನಿಗೆ ಅದು ಮರೆತಿರಲಿಲ್ಲ. ಆದರೆ ಅದರಿಂದ ಅವನು ಕಲಿತ ಪಾಠವೇ ಬೇರೆ. ತನ್ನ ಹೊಸ್ತಿಲಾಚೆ ನಿಲ್ಲಿಸುವುದಕ್ಕೂ ಒಬ್ಬ ಬೇಕು ಎಂದು ಕಲಿತ. ಹೊಲಗೇರಿಯ ಕನ್ನಪ್ಪ ಸಿಕ್ಕಿದ.

ಸಿಕ್ಕಿದ್ದು ವಾಸಪ್ಪ ಮೇಸ್ತ್ರಿಯಿಂದ. ವಾಸಪ್ಪನ ಮರಗೆಲಸದ ಅಂಗಡಿ ಸಂತೆಬೀದಿಯಲ್ಲಿತ್ತು. ಮದುವೆಯ ಮಂಚ, ತೊಟ್ಟಿಲು, ಬೀರು, ಏನೇ ಬೇಕಾದರೂ ಜನ ಅವನಲ್ಲಿಗೇ ಬರುತ್ತಿದ್ದರು. ವಾಸಪ್ಪನ ಪಾಲಿಶ್ ಎಂದರೆ ಮುಖ ನೋಡಿಕೊಳ್ಳಬಹುದು ಎಂದು ಹೊಸನಗರ, ತೀರ್ಥಹಳ್ಳಿಯವರೆಗೂ ಹೆಸರು. ಆ ಪಾಲಿಶ್ ಹೊಡೆಯುತ್ತಿದ್ದವನು ಮಾತ್ರ ವಾಸಪ್ಪನಲ್ಲ. ಅಂಗಡಿಯ ಹಿಂದೆ ತಗಡಿನ ಕೊಟ್ಟಿಗೆಯೊಂದಿತ್ತು. ಅದರೊಳಗೆ ಬಾಗಿಲು ಮುಚ್ಚಿಕೊಂಡು ಕೂತು ಉಜ್ಜುತ್ತಿದ್ದವನು ಕನ್ನಪ್ಪ. ಅಂಗಡಿ ತೆರೆಯುವ ಮುಂಚೆ ಹಿತ್ತಲಿಂದ ಬರಬೇಕು, ಬೀದಿ ಖಾಲಿಯಾದ ಮೇಲೆ ಹಿತ್ತಲಿಂದ ಹೋಗಬೇಕು. ಗಿರಾಕಿ ಬಂದಾಗ ಕೆಮ್ಮಬಾರದು. ಸ್ಪಿರಿಟ್ಟಿನ ಘಾಟು ತುಂಬಿದ ಕೊಟ್ಟಿಗೆಯಲ್ಲಿ ಕೆಮ್ಮದೆ ಇರುವುದು ಹೇಗೆ ಎಂದು ಮಾತ್ರ ವಾಸಪ್ಪ ಹೇಳಿಕೊಡಲಿಲ್ಲ.

ಕನ್ನಪ್ಪ ಈ ಕೆಲಸ ಕಲಿತದ್ದು ಲಿಂಗನಮಕ್ಕಿಯಲ್ಲಿ, ಅಣೆಕಟ್ಟು ಏಳುತ್ತಿದ್ದಾಗ. ಕಲ್ಲು ಹೊರಲು ಹೋದವನನ್ನು ಕೊಚ್ಚಿ ಕಡೆಯ ಪೌಲೋಸ್ ಮೇಸ್ತ್ರಿ ಮರಗೆಲಸದ ಶೆಡ್ಡಿಗೆ ಕರೆದುಕೊಂಡ. ಅಲ್ಲಿ ಜಾತಿ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸಂಬಳದ ದಿನ "ಪಾಲಿಶರ್ ಕನ್ನಪ್ಪ" ಎಂದು ಕೂಗುತ್ತಿದ್ದರು, ಇವನು ಎದೆ ಎತ್ತಿ ಮುಂದೆ ಹೋಗುತ್ತಿದ್ದ. ಅಣೆಕಟ್ಟು ಮುಗಿಯಿತು, ಕೆಲಸವೂ ಮುಗಿಯಿತು. ಪೇಟೆಗೆ ಬಂದರೆ ಪಾಲಿಶರ್ ಎನ್ನುವುದು ಉದುರಿಹೋಗಿ ಕೇರಿಯ ಕನ್ನ ಉಳಿದ.

ಗಾರೆಯಲ್ಲಿ ಕೂತ ಹಲಗೆಯನ್ನು ವಾಸಪ್ಪನ ಕೊಟ್ಟಿಗೆಗೆ ಹೊತ್ತು ತರುವ ಹಾಗಿರಲಿಲ್ಲ. ಎಲ್ಲರ ಕಣ್ಣೆದುರು ಅಲ್ಲೇ ಮಾಡಬೇಕು. ವಾಸಪ್ಪನಿಗೆ ಪಾಲಿಶ್ ಬಾರದು, ಬಾರದು ಎಂದು ಹೇಳುವ ಹಾಗೂ ಇಲ್ಲ. "ನಂಗೆ ಸೊಂಟ ಹಿಡ್ಕೊಂಡಿದೆ ಮಾರಾಯ್ರೆ. ಕೇರೀಲಿ ಒಬ್ಬ ಇದಾನೆ, ಲಿಂಗನಮಕ್ಕೀಲಿ ಕಲ್ತವ, ಅವನ್ನ ಕರ್ಸಿ" ಎಂದು ಸೀತಾರಾಮಪ್ಪನಿಂದ ತಪ್ಪಿಸಿಕೊಂಡ.

ಹೀಗೆ ಕನ್ನಪ್ಪ ಹೊಸ್ತಿಲಿನವರೆಗೆ ಬಂದ. ಅವನಿಗೆ ಇದು ಸಣ್ಣ ಮಾತಾಗಿರಲಿಲ್ಲ. ಪೇಟೆಯಲ್ಲಿ ಮೊದಲ ಸಲ ತನ್ನ ಹೆಸರಿನಲ್ಲಿ ತಾನೇ ರೇಟು ಹೇಳುವ ಕೆಲಸ. ಇದು ಕೈಗೂಡಿದರೆ ಕನ್ನಪ್ಪನೆಂಬ ಪಾಲಿಶಿನವ ಒಬ್ಬ ಇದ್ದಾನೆ ಎಂದು ಊರಿಗೆ ಗೊತ್ತಾಗುತ್ತದೆ. ಕೊಟ್ಟಿಗೆಯ ಬಾಗಿಲು ತೆಗೆದು ಹೊರಗೆ ಬರಬಹುದು. ಕೈತಪ್ಪಿದರೆ ಸಾಯುವವರೆಗೂ ಆ ತಗಡಿನಡಿಯೇ ಕೆಮ್ಮು ನುಂಗಬೇಕು.

ಕತ್ತು ಚಾಚಿದ. ಹಲಗೆ ದೂರದಲ್ಲಿ ಕಪ್ಪಗೆ ಮಿನುಗಿತು. ಆ ಬಣ್ಣಕ್ಕೆ ಬೀಟೆ ಎನಿಸಿತು. ಆ ಮಿನುಗಿಗೆ ಹಳೇ ಅರಗಿನ ಪಾಲಿಶ್ ಎನಿಸಿತು. ಅರಗಾದರೆ ಸ್ಪಿರಿಟ್ಟಿಗೆ ಕರಗುತ್ತದೆ, ಒಂದು ದಿನದ ಕೆಲಸ.

"ಬೀಟೆ ಮರ ಇರ್ಬೇಕು ಅಯ್ಯಾ. ಮೇಲಿಂದೆಲ್ಲ ತೊಳ್ದು, ಉಜ್ಜಿ, ಹೊಸದು ಹೊಡೀಬೇಕು. ಸಾಮಾನು ಸೇರಿ ಎಂಬತ್ತು ರೂಪಾಯಿ ಆಗ್ತದೆ."

"ಎಪ್ಪತ್ತು."

"ಅಯ್ಯಾ, ಅರಗು, ಸ್ಪಿರಿಟ್ಟು ಎಲ್ಲ ನಾನೇ ತರ್ಬೇಕು."

"ಎಪ್ಪತ್ತು. ಆಮೇಲೆ ಬಂದು ಹಾಗಾತು ಹೀಗಾತು, ಇನ್ನಷ್ಟು ಕೊಡಿ ಅಂತ ಹಲ್ಲು ಗಿಂಜ್ಬಾರ್ದು. ಎಸ್ಟಿಮೇಟು ಅಂದ್ರೆ ಎಸ್ಟಿಮೇಟು."

ಕನ್ನಪ್ಪ ತಲೆಯಾಡಿಸಿದ. ಕೆಟ್ಟದ್ದು ಅಲ್ಲೇ.

ಕೇರಿಗೆ ಬಂದು ಹೇಳಿದರೆ ಹೆಂಡತಿ ದುಗ್ಗಮ್ಮ ಸೊಪ್ಪಿನ ಹೊರೆ ಇಳಿಸಿದವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಮುಟ್ದೇನೆ ಹೆಂಗ್ ಹೇಳ್ದೆ?"

"ಹೇಳ್ದೆ. ಇಷ್ಟು ವರ್ಷ ಉಜ್ಜಿಲ್ವ ನಾನು?"

"ತಪ್ಪಿದ್ರೆ?"

"ತಪ್ಪಲ್ಲ ಮಾರಾಯ್ತಿ."

"ನನ್ನ ನೋಡಕ್ಕೆ ಬಂದಾಗ್ಲೂ ನೀ ಬೇಲಿ ಆಚೆ ನಿಂತೇ ಒಪ್ಪಿದ್ದೆ. ನನ್ ನಾಲಿಗೆ ಎಂಥದ್ದು ಅಂತ ಆಮೇಲೆ ಗೊತ್ತಾತಲ?"

ಕನ್ನಪ್ಪ ನಕ್ಕುಬಿಟ್ಟ. ದುಗ್ಗಮ್ಮ ನಗುತ್ತಲೇ ತನ್ನ ಹಳೇ ಸೀರೆ ತಂದು ಪರಪರ ಹರಿದು, ಉಜ್ಜಲು ಬಟ್ಟೆ ಮಾಡಿಕೊಟ್ಟಳು. ಅವಳಿಗೂ ಆಸೆ ಇತ್ತು.

ಮರುದಿನ ಕೆಲಸಕ್ಕೆ ಹೋದರೆ ಅವನಿಗೆ ಮುಂಬಾಗಿಲಿಲ್ಲ. ಪೇಟೆಯವರೆಲ್ಲ ಉಚ್ಚೆ ಹೊಯ್ಯುವ ಓಣಿಯಲ್ಲಿ ಹಾದು ಹಿಂಬಾಗಿಲಿಂದ ಒಳಗೆ ಬರಬೇಕು. ಬಂದ. ಹಲಗೆಯ ಮುಂದೆ ನಿಂತ. ಅಂಗೈ ಇಟ್ಟು ಎಳೆದ.

ಕೈ ಜಾರಲಿಲ್ಲ. ಅಂಟಿತು.

ಕನ್ನಪ್ಪನ ಜೀವ ಹಾರಿಹೋಯಿತು. ಉಗುರಿನಿಂದ ಕೆರೆದ. ಉಗುರಿನ ಸಂದಿಗೆ ಕಪ್ಪು ಮೇಣ ಬಂತು. ಅರಗಲ್ಲ, ಮೇಣ. ದೊರೆಯ ಆಳುಗಳು ಎಷ್ಟು ವರ್ಷ ಮೆತ್ತಿದ್ದರೋ, ಜಿಡ್ಡು ಸೇರಿ ತೊಗಲಿನಷ್ಟು ದಪ್ಪ ಆಗಿತ್ತು. ಮೇಣ ಸ್ಪಿರಿಟ್ಟಿಗೆ ಜಪ್ಪಯ್ಯ ಎನ್ನುವುದಿಲ್ಲ. ಅದರ ಮೇಲೆ ಅರಗು ಹಚ್ಚಿದರೆ ಕೂರುವುದಿಲ್ಲ. ಇನ್ನೂ ಕೆರೆದರೆ ಮರವೂ ಬೀಟೆಯಲ್ಲ. ಹೆಬ್ಬಲಸಿನ ಮರಕ್ಕೆ ಕಪ್ಪು ಬಣ್ಣ ಹಾಕಿ ಬೀಟೆ ಮಾಡಿದ್ದರು. ಅದರ ಸಣ್ಣ ಸಣ್ಣ ತೂತುಗಳೆಲ್ಲ ಮೇಣ ಕುಡಿದಿದ್ದವು. ಕೈ ಇಟ್ಟ ಮೊದಲ ಕ್ಷಣದಲ್ಲೇ ತಿಳಿಯುವ ಸಂಗತಿ. ನಿನ್ನೆ ಒಂದೇ ಒಂದು ಸಲ ಈ ಕೈ ಇಡಲು ಬಿಟ್ಟಿದ್ದರೆ!

ಸೀತಾರಾಮಪ್ಪನಿಗೆ ಹೇಳಿದ.

"ಅಯ್ಯಾ, ಇದು ನಾ ಅಂದ್ಕೊಂಡ ಹಾಗಿಲ್ಲ. ಟರ್ಪೆಂಟೈನೇ ಡಬ್ಬಗಟ್ಲೆ ಬೇಕು. ಇದರ ಎರಡರಷ್ಟು ಕೆಲಸ."

"ನಿನ್ನೆ ನೋಡಿ ಹೇಳ್ದವ ಯಾರು?"

"ದೂರದಿಂದ ನೋಡಿ ಹೇಳ್ದೆ."

"ದೂರದಿಂದ್ಲೋ ಹತ್ರದಿಂದ್ಲೋ, ಬಾಯಿ ನಿಂದಲ್ದ? ಆಗಲ್ಲ ಅಂದ್ರೆ ಹೋಗು. ಆದ್ರೆ ಮುಟ್ಟಿದೀಯಲ, ಅದರ ಖರ್ಚು ಇಟ್ಟು ಹೋಗು."

ಹೋಗುವ ಹಾಗೂ ಇಲ್ಲ, ಇರುವ ಹಾಗೂ ಇಲ್ಲ. ಮುಟ್ಟದವನಿಂದ ರೇಟು ಕೇಳಿದವರು ಇವರೇ. ಮುಟ್ಟಿದವನನ್ನು ಹಿಡಿದು ಹಾಕಿದವರೂ ಇವರೇ. ಕನ್ನಪ್ಪ ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದ.

ಒಡೆದ ಬಾಟಲಿಯ ಗಾಜು ಹಿಡಿದು ಮೇಣ ಕೆರೆದ. ಗಾಜು ಮೊಂಡಾದರೆ ಇನ್ನೊಂದು ಚೂರು. ಬೆರಳು ಕುಯ್ದುಹೋಯಿತು. ಕುಯ್ದ ಜಾಗಕ್ಕೆ ಟರ್ಪೆಂಟೈನು ಇಳಿದು ಉರಿ ನೆತ್ತಿಗೇರಿತು. ಕೆರೆದ, ಒರೆಸಿದ, ಮತ್ತೆ ಕೆರೆದ. ಕಟ್ಟೆ ಅರ್ಧ ಆಳೆತ್ತರ, ಕೂತು ಉಜ್ಜಲು ಎತ್ತರ, ನಿಂತು ಉಜ್ಜಲು ತಗ್ಗು. ಬಗ್ಗಿ ಬಗ್ಗಿ ರಾತ್ರಿ ಕೇರಿಗೆ ಹೋಗಿ ಮಲಗಿದರೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಬಾಯಾರಿದರೆ ಹಿತ್ತಲ ಕಿಟಕಿಯ ಕೆಳಗೆ ಬೊಗಸೆ ಒಡ್ಡಬೇಕು. ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಬೊಗಸೆಯ ಟರ್ಪೆಂಟೈನಿನ ನಾತಕ್ಕೆ ಕುಡಿದ ನೀರೆಲ್ಲ ವಾಂತಿಯಾಗುವ ಹಾಗಿತ್ತು. ಲೋಟ ಕೇಳಿದ್ದಕ್ಕೆ, ಬ್ರಾಂದಿ ಗ್ಲಾಸಿನಲ್ಲಿ ಕೊಡಬೇಕಾ ಎಂದು ಸೀತಾರಾಮಪ್ಪ ನಕ್ಕ.

ಸಾಮಾನಿಗೆ ಕೈಯಿಂದ ಹಾಕಿದ ದುಡ್ಡೇ ಎಪ್ಪತ್ತರ ಹತ್ತಿರ ಬಂತು. ಕೂಲಿ ಸೊನ್ನೆ. ಇರಲಿ ಎಂದುಕೊಂಡ. ಹೆಸರಾದರೂ ಉಳಿದರೆ ಸಾಕು.

ಕೊನೆಗೆ ಮರ ಮುಖ ತೋರಿಸಿತು. ಹೆಬ್ಬಲಸಿನ ಹೊಂಬಣ್ಣ. ಕನ್ನಪ್ಪ ಹತ್ತಿಯನ್ನು ದುಗ್ಗಮ್ಮನ ಸೀರೆಯ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಅರಗಿನಲ್ಲಿ ಅದ್ದಿ, ಸುತ್ತು ಸುತ್ತಾಗಿ ಎಳೆದ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ಕೆಲಸ ಮುಗಿಯುವ ದಿನ ಹಲಗೆಯಲ್ಲಿ ಮಾಡಿನ ಹೆಂಚು ಎಣಿಸಬಹುದಾಗಿತ್ತು. ಅಷ್ಟೂ ಸಿಟ್ಟಿನ ನಡುವೆ ಅವನಿಗೆ ಹೆಮ್ಮೆಯಾಯಿತು.

ಅವತ್ತೇ ಸಂಜೆ ಸುಬ್ಬರಾಯ ಬಂದ. ವರದಹಳ್ಳಿ ದಾರಿಯಲ್ಲಿ ದೊಡ್ಡ ತೋಟವಿರುವ ಮನೆಯ ಮಗ. ಜೊತೆಗೆ ಅವನ ಷಡ್ಡಕ ವಿಘ್ನೇಶ್ವರ. ಅಂಗಡಿ ತೆರೆಯುವ ಮುಂಚೆಯೇ ಒಳಗೆ ಕೂತು ರುಚಿ ನೋಡಲು ಸೀತಾರಾಮಪ್ಪ ಕರೆದಿದ್ದ. ಅವನಿಗೆ ಬೇಕಾಗಿದ್ದದ್ದು ಇಂಥ ಗಿರಾಕಿಗಳು. ಅಪ್ಪ ಕೈಕಟ್ಟಿ ನಿಂತ ಅಂಗಳದ ಮಕ್ಕಳು ತನ್ನ ಕೌಂಟರಿಗೆ ಬಂದು ಮೊಣಕೈ ಊರಬೇಕು.

ಸುಬ್ಬರಾಯ ಹಲಗೆಯ ಮೇಲೆ ಬಗ್ಗಿ ಮೀಸೆ ನೋಡಿಕೊಂಡ. "ಚೊಲೊ ಇದ್ದಲೊ ವಿಘ್ನೇಶ್ವರ" ಎಂದ. ಆಗ ಮೂಲೆಯಲ್ಲಿ ಡಬ್ಬಿ ಮುಚ್ಚುತ್ತಿದ್ದ ಕನ್ನಪ್ಪ ಕಣ್ಣಿಗೆ ಬಿದ್ದ. "ಇಂವ ಯಾರು?"

ಸೀತಾರಾಮಪ್ಪ ತಲೆ ಕೆರೆದುಕೊಂಡು, ಹೊಲಗೇರಿಯವ ಎಂದು ಹೇಳಿದ.

ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. "ಇಂವ ಮುಟ್ಟಿದ್ದು ಎಂಗಕ್ಕೆ ಆಗ್ತಿಲ್ಲೆ" ಎಂದು ವಿಘ್ನೇಶ್ವರ ಮೆಲ್ಲಗೆ ಮನೆಮಾತಿನಲ್ಲಿ ಹೇಳಿದ, ನಮಗಾಗದು ಎಂದು. ಮೆಲ್ಲಗೆ ಹೇಳಬೇಕಾಗಿರಲಿಲ್ಲ. ಅವರ ತೋಟದ ಅಂಚಿನಲ್ಲೇ ಹುಟ್ಟಿ ಬೆಳೆದ ಕೇರಿಯವರಿಗೆ ಅವರ ಮಾತು ಅರ್ಥವಾಗದೆ ಇರುತ್ತದೆಯೇ?

"ನೀವು ಮನಸಿಗೆ ಹಚ್ಕಬೇಡಿ" ಎಂದ ಸೀತಾರಾಮಪ್ಪ. "ಎಲ್ಲಾ ಯೋಚ್ನೆ ಮಾಡಿದೀನಿ. ನಾಳೆ ಶುದ್ಧ ಮಾಡ್ಸಿಬಿಡ್ತೀನಿ. ಭಟ್ರು ಬ್ರಾಂದಿ ಅಂಗ್ಡಿಗೆ ಕಾಲಿಡಲ್ಲ, ಪಂಚಗವ್ಯ ಚೊಂಬಲ್ಲಿ ಕಳಿಸ್ತಾರೆ. ಹಲಗೆ ತುಂಬ ಹೊಯ್ದು ತೊಳ್ದ್ರೆ ಆತು." ಆಮೇಲೆ ಕನ್ನಪ್ಪನ ಕಡೆ ತಿರುಗಿದ. "ಅದರ ಖರ್ಚು ಇಪ್ಪತ್ತೈದು ಆಗ್ತದೆ ಕಣಾ. ನಿನ್ ಎಪ್ಪತ್ತರಲ್ಲಿ ಹಿಡ್ಕೋತೀನಿ."

ಕೆಲಸ ಬಿಟ್ಟು ಹೋದರೆ ಮಾತ್ರ ಆ ಖರ್ಚು ಎಂದುಕೊಂಡಿದ್ದ ಕನ್ನಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ.

"ನನ್ ದುಡ್ಡಲ್ಲೇ ಹಿಡಿಯೋದಾ?"

"ನಿನ್ನಿಂದ ಆದ ಖರ್ಚಲ್ದ?"

"ಎಸ್ಟಿಮೇಟು ಹಾಕುವಾಗ ಇದನ್ನ ಹೇಳ್ಲಿಲ್ಲಲ ಅಯ್ಯಾ."

"ಹೇಳೋದು ಎಂತಕ್ಕೆ? ನೀ ಯಾರು ಅಂತ ನಿಂಗ್ ಗೊತ್ತಿಲ್ವ?"

ಕನ್ನಪ್ಪ ಡಬ್ಬಿ ಕೆಳಗಿಟ್ಟ. ಅವನಿಗೆ ದುಡ್ಡಿಗಿಂತ ಮೊದಲು ಹಲಗೆಯ ಚಿಂತೆ ಬಂತು. ಅಷ್ಟು ಉಜ್ಜಿದ ಹಲಗೆ.

"ಅಯ್ಯಾ, ಹಸಿ ಪಾಲಿಶ್ಶು ಇದು. ನೀರು, ಗಂಜಲ ಹೊಯ್ದ್ರೆ ಬೆಳ್ಳಗೆ ಕಲೆಕಲೆಯಾಗಿ ಚಿಟ್ಟು ಏಳ್ತದೆ. ಎಲ್ಲಾ ಹಾಳಾಗ್ತದೆ."

"ಎದ್ರೆ ನಾಡಿದ್ದು ಬಂದು ಇನ್ನೊಂದ್ಸಲ ಉಜ್ಜು."

"ಉಜ್ಜಿದ್ರೆ ಮತ್ತೆ ಮುಟ್ದ ಹಾಗಾತಲ?"

"ಮತ್ತೆ ಶುದ್ಧ ಮಾಡೋದು."

"ಮತ್ತೆ ಚಿಟ್ಟು ಏಳ್ತದೆ."

ಸೀತಾರಾಮಪ್ಪ ತಬ್ಬಿಬ್ಬಾದ. ಸುಬ್ಬರಾಯ, ವಿಘ್ನೇಶ್ವರ ಮುಖ ಮುಖ ನೋಡಿಕೊಂಡರು. ಮೂವರು ದೊಡ್ಡ ಮನುಷ್ಯರು ಒಂದು ಹಲಗೆಯ ಮುಂದೆ ನಿಂತು ಯೋಚಿಸಿದರು. ಎಂಥ ಗಹನವಾದ ಯೋಚನೆ ಅದು! ಕೊನೆಗೆ ಸೀತಾರಾಮಪ್ಪನಿಗೆ ಹೊಳೆಯಿತು.

"ಕೋಲಿಗೆ ಬಟ್ಟೆ ಕಟ್ಕೊಂಡು, ದೂರ ನಿಂತು ಉಜ್ಜೋಕೆ ಆಗಲ್ವೇನಾ?"

ಕನ್ನಪ್ಪನಿಗೆ ನಗು ಬಂತು. ತಡೆಯಲಾಗದೆ ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು. ವಾಸಪ್ಪನ ಕೊಟ್ಟಿಗೆಯಲ್ಲಿ ನುಂಗಿದ ಅಷ್ಟೂ ಕೆಮ್ಮು ಒಟ್ಟಿಗೆ ಬಂದ ಹಾಗೆ ಗಂಟಲು ಹರಿಯುವಂತೆ ಕೆಮ್ಮಿದ. ಕೆಮ್ಮು ನಿಂತಾಗ ನಗುವೂ ನಿಂತಿತ್ತು.

"ಒಡೇರೇ" ಎಂದ ಸುಬ್ಬರಾಯನಿಗೆ. "ನಿಮ್ಮನೆ ದೇವ್ರ ಮಂಟಪಕ್ಕೆ ಹೋದ ವರ್ಷ ಪಾಲಿಶ್ ಮಾಡ್ಸಿದ್ರಲ. ಯಾರ ಹತ್ರ?"

"ವಾಸಪ್ಪ ಮೇಸ್ತ್ರಿ ಹತ್ರ. ಯಾಕೆ?"

ಕನ್ನಪ್ಪ ಎರಡೂ ಅಂಗೈ ಮುಂದೆ ಹಿಡಿದ. ಅರಗು ಕೂತು ಕೂತು ತುಕ್ಕಿನ ಬಣ್ಣಕ್ಕೆ ತಿರುಗಿದ ಕೈಗಳು.

"ವಾಸಪ್ಪನ ಕೈ ನೋಡಿದೀರಾ ನೀವು? ಬೆಳ್ಳಗಿದಾವೆ. ಈ ಕಲೆ ತೊಳೆದ್ರೆ ಹೋಗಲ್ಲ. ಆ ಮಂಟಪ ಉಜ್ಜಿದ್ದು ಈ ಕೈ. ಒಳಗೂ ಕೈ ಹಾಕಿ ಉಜ್ಜಿದೀನಿ, ದೇವ್ರು ಕೂರೋ ಜಾಗಾನೂ ಬಿಟ್ಟಿಲ್ಲ. ನಿಮ್ಮ ಮದುವೆ ಮಂಚ ಉಜ್ಜಿದ್ದು ನಾನು. ಮಗೂನ ತೊಟ್ಲು ನಾನು. ಈ ಅಂಗ್ಡಿ ಅಯ್ಯನೋರ ಮನೆ ಊಟದ ಮಣೆ ಅಷ್ಟೂ ನಾನು. ವಾಸಪ್ಪ ಕೊಟ್ಟಿಗೇಲಿ ಬಾಗ್ಲು ಹಾಕಿ ಕೂರ್ಸಿ ಮಾಡ್ಸಿದಾನೆ. ಎಲ್ಲಾದಕ್ಕೂ ಚೊಂಬು ಕಳ್ಸಿ." ಆಮೇಲೆ ಸೀತಾರಾಮಪ್ಪನ ಕಡೆ ತಿರುಗಿದ. "ಅದರ ಎಸ್ಟಿಮೇಟು ಹಾಕಿ ಅಯ್ಯಾ. ಅದನ್ನೂ ನನ್ ಎಪ್ಪತ್ತರಲ್ಲೇ ಹಿಡ್ಕಳಿ."

ಸುಬ್ಬರಾಯನ ಮುಖ ಸುಣ್ಣವಾಯಿತು. ಸೀತಾರಾಮಪ್ಪ ಬಾಗಿಲ ಮೂಲೆಯಲ್ಲಿದ್ದ ದೊಣ್ಣೆ ಎತ್ತಿಕೊಂಡ. ಭುಜಕ್ಕೆ ಬಿತ್ತು, ಬೆನ್ನಿಗೆ ಬಿತ್ತು, ಮೊಣಕಾಲಿಗೆ ಬಿತ್ತು. ಹೊಡೆಯುವುದಕ್ಕೂ ಅವನು ಕೈ ತಾಗಿಸಲಿಲ್ಲ. ದನ ಅಟ್ಟಿದ ಹಾಗೆ ದೊಣ್ಣೆಯ ತುದಿಯಿಂದ ತಿವಿದು ತಿವಿದು ಓಣಿಗೆ ಅಟ್ಟಿದ. ಪಾಲಿಶಿನ ಡಬ್ಬಿ ಹಿಂದೆಯೇ ಬಂದು ಕನ್ನಪ್ಪನ ಕಾಲಬಳಿ ಬಿತ್ತು. ಎಪ್ಪತ್ತರಲ್ಲಿ ಒಂದು ಕಾಸೂ ಬರಲಿಲ್ಲ.

ಮಾತು ಊರೆಲ್ಲ ಹಬ್ಬಿತು. ಕೆಲವು ಮನೆಗಳಲ್ಲಿ ಮಂಚ ಜಗಲಿಗೆ ಬಂತು. ಒಂದು ಮನೆಯಲ್ಲಿ ತೊಟ್ಟಿಲಿನಿಂದ ಮಗುವನ್ನೆತ್ತಿ ಕೆಳಗೆ ಮಲಗಿಸಿದರಂತೆ. ಆಮೇಲೆ ಜನ ಲೆಕ್ಕ ಹಾಕಿರಬೇಕು. ಮಂಚ, ಬೀರು, ಮಣೆ, ಮಂಟಪ. ಅಷ್ಟನ್ನು ಸುಡುವುದೇ? ಅಷ್ಟಕ್ಕೂ ಶುದ್ಧ ಮಾಡಿಸಿ, ನಮ್ಮ ಮನೆಗೂ ಮೈಲಿಗೆ ಬಂದಿತ್ತು ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳುವುದೇ? ಅದಕ್ಕಿಂತ ಸುಲಭದ ದಾರಿ ಇತ್ತು. ಕನ್ನ ಕುಡಿದಿದ್ದ, ಬಾಯಿಗೆ ಬಂದಿದ್ದು ಒದರಿದ ಎಂದರು. ವಾಸಪ್ಪ ಮಾರಿಗುಡಿಯ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ. ಎಲ್ಲರಿಗೂ ಸಮಾಧಾನವಾಯಿತು. ಮಂಚಗಳು ಒಳಗೆ ಹೋದವು.

ಇದಕ್ಕಿಂತ ಹೊಟ್ಟೆ ಉರಿಯುವ ಮಾತು ಬೇರೆ ಇದೆಯೇ? ಮುಟ್ಟಿದ ಎಂದು ಹೊಡೆದರು. ಮುಟ್ಟಿದ್ದೇನೆ ಎಂದರೆ ಮುಟ್ಟೇ ಇಲ್ಲ ಎಂದರು.

ಸಂತೆಯ ಹಿಂದಿನ ದಿನ ವಾಸಪ್ಪ ಕೇರಿಯ ತುದಿಯವರೆಗೆ ಬಂದು ಮಾವಿನಮರದ ಬುಡದಲ್ಲಿ ನಿಂತು ಕೂಗಿದ. ಕನ್ನಪ್ಪ ಕುಂಟುತ್ತ ಹೊರಗೆ ಬಂದ. ದುಗ್ಗಮ್ಮ ಹಿಂದೆ ನಿಂತಳು.

"ಆಗಿದ್ದು ಆತು ಮಾರಾಯಾ" ಎಂದ ವಾಸಪ್ಪ. "ನಾ ಮನ್ಸಲ್ಲಿ ಇಟ್ಕೊಂಡಿಲ್ಲ. ಊರೇ ನೀ ಸುಳ್ಳು ಹೇಳ್ದೆ ಅಂತ ಒಪ್ಪಿದೆ. ಇನ್ನು ಯಾರೂ ಕೇಳಲ್ಲ. ನಾಳೆಯಿಂದ ಕೊಟ್ಟಿಗೆಗೆ ಬಾ. ಕೂಲಿ ಜಾಸ್ತಿ ಮಾಡ್ತೀನಿ. ಸುಬ್ಬರಾಯರ ಅಪ್ಪನ ಆರಾಮಕುರ್ಚಿ ಅರ್ಧಕ್ಕೇ ನಿಂತಿದೆ, ಅವ್ರು ದಿನಾ ಆಳು ಕಳಿಸ್ತಿದಾರೆ."

ದುಗ್ಗಮ್ಮ ಮುಂದೆ ಬಂದಳು.

"ಆ ಕುರ್ಚಿ ನೀವೇ ಉಜ್ಜಿ ಮೇಸ್ತ್ರೇ. ನಿಮ್ ಪಾಲಿಶ್ಶು ಅಂದ್ರೆ ಮುಖ ಕಾಣ್ತದಂತಲ."

"ಹೆಂಗ್ಸು ನಡುವೆ ಬಾಯಿ ಹಾಕ್ಬಾರ್ದು."

"ಅದು ಸುಳ್ಳು ಅಂತ ಆಣೆ ಹಾಕಿದ ಬಾಯಿ ಇಟ್ಕೊಂಡು ನನ್ ಗಂಡನ್ನ ಕರೀತಿದೀರಲ, ನಾಚಿಕೆ ಆಗಲ್ವ ನಿಮ್ಗೆ?"

ವಾಸಪ್ಪ ಅವಳನ್ನು ಬಿಟ್ಟು ಕನ್ನಪ್ಪನ ಕಡೆ ನೋಡಿದ. "ಬೇರೆ ಎಲ್ಲಿ ಹೋಗ್ತೀಯ ನೀನು? ಸೀತಾರಾಮಪ್ಪ ನಿನ್ನ ಪೇಟೆಗೆ ಸೇರ್ಸಬಾರ್ದು ಅಂತ ಹೇಳ್ತಾ ತಿರುಗ್ತಿದಾನೆ. ನಾನಿಲ್ದಿದ್ರೆ ನೀ ಸಗಣಿ ಹೊರ್ಬೇಕು. ತಿಳೀತ?"

ಅದು ನಿಜ. ಕನ್ನಪ್ಪನಿಗೂ ಗೊತ್ತಿತ್ತು.

"ಬರ್ತೀನಿ" ಎಂದ.

ದುಗ್ಗಮ್ಮ ಗಂಡನ ಮುಖ ನೋಡಿದಳು. ಸರಕ್ಕನೆ ಒಳಗೆ ಹೋದಳು. ಅವತ್ತು ಗಂಜಿಯ ತಟ್ಟೆಯನ್ನು ಕುಕ್ಕಿ ಇಟ್ಟಳು.

ಬೆಳಗ್ಗೆ ಕನ್ನಪ್ಪ ಎಂದಿನ ಹೊತ್ತಿಗೆ ಹೋಗಲಿಲ್ಲ. ಬಿಸಿಲು ಏರುವವರೆಗೆ ಕಾದ. ಸಂತೆ ತುಂಬಲಿ ಎಂದು ಕಾದ. ಆಮೇಲೆ ಡಬ್ಬಿ, ಬಟ್ಟೆ ತೆಗೆದುಕೊಂಡು ಹೊರಟ. ಹಿತ್ತಲಿಂದ ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದ. ಆರಾಮಕುರ್ಚಿ ಅಲ್ಲೇ ಇತ್ತು. ಎತ್ತಿ ತಲೆಯ ಮೇಲಿಟ್ಟುಕೊಂಡ. ಏಟು ಬಿದ್ದ ಕಾಲು ಎಳೆಯುತ್ತಲೇ ಹೆಜ್ಜೆಯಿಟ್ಟ. ಅಂಗಡಿಯ ಒಳಗಿಂದಲೇ ನಡೆದು ಮುಂಬಾಗಿಲಲ್ಲಿ ಬೀದಿಗೆ ಬಂದ.

"ಏ, ಎಲ್ಲಿಗಾ?" ಎಂದು ವಾಸಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಓಡಿಬಂದ.

ಸಂತೆಬೀದಿಯ ನಟ್ಟನಡುವೆ ಕುರ್ಚಿ ಇಳಿಸಿ, ಅದರ ಮುಂದೆ ಮಣ್ಣಿನಲ್ಲಿ ಕೂತ. ಡಬ್ಬಿ ಬಿಚ್ಚಿದ. ಉಂಡೆ ಅದ್ದಿದ. ಕುರ್ಚಿಯ ಒಂದು ತೋಳಿನ ಮೇಲೆ ಅಂಗೈ ಇಟ್ಟು, ಒತ್ತಿ, ಸುತ್ತು ಸುತ್ತಾಗಿ ಉಜ್ಜತೊಡಗಿದ.

"ಒಳಗ್ ಬಾರಾ. ನಿನ್ ಕಾಲು ಹಿಡೀತೀನಿ, ಒಳಗ್ ಬಾ" ಎಂದು ವಾಸಪ್ಪ ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದ. ಕಾಲು ಹಿಡಿಯಲಿಲ್ಲ. ರಟ್ಟೆ ಹಿಡಿದು ಎಳೆಯಲೂ ಇಲ್ಲ. ಎಳೆಯಬೇಕಾದರೆ ಮುಟ್ಟಬೇಕಲ್ಲ, ಸಂತೆಯ ಜನರೆದುರು.

ಜನ ನಿಂತರು. ಸೌತೆಕಾಯಿ ಮಾರುವವರು, ನಿಟ್ಟೂರು ಕಡೆಯಿಂದ ಬಂದ ಬುಟ್ಟಿಯವರು, ಪೇಟೆಯ ಸೆಟ್ಟರು. ಸುತ್ತು ದೊಡ್ಡದಾಯಿತು. ಮರ ಬಿಸಿಲಿಗೆ ಬೆಳಗಲು ಶುರುವಾಯಿತು. ಗುಂಪಿನ ಅಂಚಿನಲ್ಲಿ ಕೊಡೆ ಹಿಡಿದ ಸುಬ್ಬರಾಯ ಬಂದು ನಿಂತಿದ್ದ. ಅವನ ಕಣ್ಣು ಕುರ್ಚಿಯ ಮೇಲೇ ಇತ್ತು. ಅಪ್ಪ ದಿನಾ ಕೂರುವ ಕುರ್ಚಿ, ಗುರುತು ಸಿಗದೆ ಇರುವುದಿಲ್ಲ. ಅವನು ವಾಸಪ್ಪನ ಕೈ ನೋಡಿದ. ಆಮೇಲೆ ಕನ್ನಪ್ಪನ ಕೈ ನೋಡಿದ.

ಸೊಪ್ಪು ಮಾರುವ ವರದಮ್ಮನೆಂಬ ಮುದುಕಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ. ಗುಂಪಿನಲ್ಲಿ ತೂರಿಕೊಂಡು ಮುಂದೆ ಬಂದು ಬಗ್ಗಿ ನೋಡಿದಳು.

"ಎಷ್ಟು ಚಂದ ಮಿಂಚ್ತದೆ ಅಪ್ಪಾ. ಯಾರ ಮನೆ ಕುರ್ಚಿ ಇದು? ಯಾರು ಮಾಡ್ತಿರೋದು?"

ಕನ್ನಪ್ಪ ತಲೆ ಎತ್ತಿದ. ಸುಬ್ಬರಾಯ ನಿಂತ ಜಾಗಕ್ಕೂ, ಸಂತೆಯ ಆ ತುದಿಗೂ ಕೇಳುವ ಹಾಗೆ ಹೇಳಿದ.

"ಸುಬ್ಬರಾಯರ ಮನೇದು ಅಮ್ಮಾ. ಮಾಡ್ತಿರೋದು ನಾನು. ಹೊಲಗೇರಿ ಪಾಲಿಶರ್ ಕನ್ನಪ್ಪ."

ಸುಳ್ಳು ಎಂದು ಯಾರೂ ಅನ್ನಲಿಲ್ಲ. ವಾಸಪ್ಪ ಒಳಗೆ ಹೋಗಿ ಅಂಗಡಿಯ ಬಾಗಿಲು ಹಾಕಿಕೊಂಡ. ಕನ್ನಪ್ಪ ಉಂಡೆಯನ್ನು ಮತ್ತೆ ಅದ್ದಿ ಕುರ್ಚಿಯ ಇನ್ನೊಂದು ತೋಳು ಹಿಡಿದ.